ಎರಡು ಮಾರು ದೂರ

ದನದ ಸಂತೆ ನೋಡದವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಮಾರುವವರ ಕಡೆಯ ದಲ್ಲಾಳಿಯೂ ಕೊಳ್ಳುವವನೂ ಎದೆಗೆ ಎದೆ ತಾಗುವಷ್ಟು ಹತ್ತಿರ ನಿಂತು, ಕೈ ಕೈ ಹಿಡಿದು, ಮೇಲೆ ಒಂದು ಟವೆಲ್ಲು ಹೊದಿಸಿಕೊಳ್ಳುತ್ತಾರೆ. ವ್ಯಾಪಾರವೆಲ್ಲ ಅದರ ಅಡಿಯಲ್ಲಿ, ಬೆರಳುಗಳಲ್ಲಿ. ಬೆರಳು ಪೂರಾ ಹಿಡಿದರೆ ಒಂದು ಲೆಕ್ಕ, ಗೆಣ್ಣು ಒತ್ತಿದರೆ ಅದರಲ್ಲಿ ಅರ್ಧ, ಅಂಗೈ ಕೆರೆದರೆ ‘ಆಗಲ್ಲ ಹೋಗಯ್ಯ’ ಅಂತ. ಮೇಲೆ ಮಾತ್ರ ಮಳೆ ಬೆಳೆ, ಬೀಗರು, ಮೊಮ್ಮಕ್ಕಳು ಅಂತ ನಗುನಗುತ್ತಾ ಮಾತು ಸಾಗುತ್ತಿರುತ್ತದೆ. ಒಂದು ಜೋಡಿಗೆ ಅರ್ಧ ಗಂಟೆ ಹಿಡಿಯುವುದೂ ಉಂಟು. ಬಾಯಲ್ಲಿ ಬೆಲೆ ಕೂಗುವುದು ಸೊಪ್ಪು ಮಾರುವವರ ಕೆಲಸ, ಗಂಡಸಿನ ವ್ಯಾಪಾರ ಟವೆಲ್ಲಿನ ಅಡಿಯಲ್ಲೇ ಅಂತ ದಲ್ಲಾಳಿಗಳು ಮೀಸೆ ತಿರುವುತ್ತಿದ್ದರು.

ನಮ್ಮ ಭಾವ ಬೆನಕಪ್ಪನವರು ಅಂಥ ಒಬ್ಬ ದಲ್ಲಾಳಿ. ನನ್ನ ಅಕ್ಕ ತೀರ್ಥಮ್ಮನ ಗಂಡ. ಊರು ಅಜ್ಜಂಪುರದಿಂದ ಮೂರು ಮೈಲಿ. ಅಮೃತಮಹಲ್ ರಾಸುಗಳ ನಡುವೆಯೇ ಹುಟ್ಟಿ ಬೆಳೆದವರು, ಕರು ನಡೆಯುವುದನ್ನು ನೋಡಿ ಅದು ಎಂಥ ಎತ್ತಾಗುತ್ತದೆ ಅಂತ ಹೇಳುತ್ತಿದ್ದರು. ಓದು ಇಲ್ಲ, ರುಜು ಮಾಡಲು ಬರುತ್ತಿತ್ತು ಅಷ್ಟೆ. ಆದರೆ ಅವರ ಬಲಗೈ! ಕಡೂರಿನ ಸಂತೆ ಮಾಳದಲ್ಲಿ ಆ ಕೈಯನ್ನು ಹಿಡಿದು ಸೋತವರು ಎಷ್ಟು ಜನವೋ. ಯಗಟಿಯ ಅಂಜಿನಪ್ಪ ಅಂತ ಇನ್ನೊಬ್ಬ ದಲ್ಲಾಳಿ, ಭಾವನಿಗೆ ಗೆಳೆಯನೂ ಹೌದು, ಎದುರಾಳಿಯೂ ಹೌದು. ಅವನು ಹೇಳುತ್ತಿದ್ದ: “ಬೆನಕಪ್ಪಣ್ಣನ ಕೈ ಹಿಡಿದ್ರೆ ನನ್ ಹೆಂಡ್ತಿ ಕೈ ಹಿಡಿದಿದ್ದೂ ಮರ್ತೋಗುತ್ತೆ ಕಣಪ್ಪಾ. ಒಂದೊಂದು ಗೆಣ್ಣಲ್ಲೂ ಒಬ್ಬೊಬ್ಬ ವಕೀಲ ಕೂತವ್ನೆ.”

ನಾನು ತರೀಕೆರೆಯಲ್ಲಿ ಸೈಕಲ್ ಶಾಪು ಇಟ್ಟವನು. ಭಾವನಿಗೆ ನಾನೆಂದರೆ ತಮಾಷೆ. “ಏನಪ್ಪಾ ಷಣ್ಮುಖ, ಗಾಳಿ ಮಾರಿ ಬದುಕೋ ಜಾತಿ ನಿಂದು” ಅನ್ನುತ್ತಿದ್ದರು. “ನೀವು ಬೆರಳು ಮಾರಿ ಬದುಕ್ತೀರಲ್ಲ ಭಾವ” ಅಂತ ನಾನೂ ಬಿಡುತ್ತಿರಲಿಲ್ಲ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಅವರಿಗೆ ಹಿಂದಿನಿಂದ ರಕ್ತ ಹೋಗಲು ಶುರುವಾಯಿತು. ಮೂಲವ್ಯಾಧಿ ಅಂದುಕೊಂಡರು. ಆ ಜಾಗದ ಕಾಯಿಲೆಯನ್ನು ಗಂಡಸು ಯಾರ ಹತ್ತಿರ ಹೇಳಿಕೊಳ್ಳುತ್ತಾನೆ? ಹೆಂಡತಿಗೂ ಹೇಳಲಿಲ್ಲ. ಯಾರೋ ಕೊಟ್ಟ ಬೇರನ್ನು ಮಜ್ಜಿಗೆಯಲ್ಲಿ ಅರೆದು ಕುಡಿಯುತ್ತಾ ಒಂದು ವರ್ಷ ಕಳೆದರು. ಪಂಚೆಯ ಮೇಲೆ ಕಲೆ ಕಂಡು ಅಕ್ಕ ಕೇಳಿದಾಗ, ಎತ್ತಿನ ಕೊಂಬು ತಗಲಿತ್ತು ಅಂದರಂತೆ. ಕೊನೆಗೆ ಅರ್ಧ ಆಳಾಗಿ ಇಳಿದುಹೋದ ಮೇಲೆ ನಾನೇ ಬೆಂಗಳೂರಿಗೆ ಕರೆದುಕೊಂಡು ಹೋದೆ. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಬೆರಳಿಟ್ಟು ನೋಡಿ, ಕೈ ತೊಳೆದುಕೊಂಡು, “ಇಷ್ಟು ದಿನ ಎಲ್ಲಿದ್ರಿ?” ಅಂದರು. ಕರುಳಿನ ಕ್ಯಾನ್ಸರ್.

ಆಪರೇಷನ್ನಿನ ಹಿಂದಿನ ದಿನ ನರ್ಸಮ್ಮ ಬಂದು ಕತ್ತರಿಯಿಂದ ಅವರ ಉಡಿದಾರ ಕತ್ತರಿಸಿದಳು. ಭಾವ ಅವಳ ಕೈ ಹಿಡಿದುಕೊಂಡುಬಿಟ್ಟರು.

“ಏನ್ ಮಾಡ್ತಿದೀಯವ್ವ? ಉಡಿದಾರ ಹರಿಯೋದು ಹೆಣಕ್ಕೆ.”

“ಅಡ್ಡ ಬರುತ್ತೆ ಅಜ್ಜ, ಬಿಡಿ.”

ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, “ಅಜ್ಜ ಅಂದ್ಲಲ್ಲೋ ಷಣ್ಮುಖ” ಅಂದರು. ಅವರಿಗೆ ಆಗ ನಲವತ್ತೇಳು ವರ್ಷ.

ಎಚ್ಚರವಾದ ಮೇಲೆ ಹೊಟ್ಟೆಯ ಎಡಗಡೆ ಹತ್ತಿ, ಬಟ್ಟೆ, ಅದರ ಮೇಲೊಂದು ರಬ್ಬರ್ ಚೀಲ. ಹಿಂದಿನ ದಾರಿಯನ್ನು ತೆಗೆದು ಹೊಲಿದುಬಿಟ್ಟಿದ್ದರು. ಹೊಟ್ಟೆಯ ಮೇಲೆ ಹೊಸ ಬಾಯಿ, ದಾಸವಾಳದ ಮೊಗ್ಗಿನ ಹಾಗೆ ಕೆಂಪಗೆ. ಇನ್ನು ಮೇಲೆ ಮಲ ಅಲ್ಲಿಂದಲೇ ಬರುತ್ತದೆ, ನಿಮ್ಮ ಇಷ್ಟದ ಹೊತ್ತಿಗಲ್ಲ, ಅದರ ಇಷ್ಟದ ಹೊತ್ತಿಗೆ ಅಂತ ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಭಾವ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

“ಇದನ್ನ ಯಾವಾಗ ಮುಚ್ತೀರಿ ಸ್ವಾಮಿ?”

“ಮುಚ್ಚೋಕಾಗಲ್ಲ ಯಜಮಾನ್ರೇ. ಜೀವ ಉಳಿದಿದೆ, ಅದು ದೊಡ್ಡದು.”

ಕೇಳಬೇಕಾದ ಇನ್ನೊಂದು ಮಾತಿತ್ತು. ಅದನ್ನು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಉತ್ತರ ಮಾತ್ರ ಕೆಲವು ತಿಂಗಳಲ್ಲಿ ಅವರಿಗೇ ಗೊತ್ತಾಯಿತು. ಒಂದು ದಿನ ಕೊಟ್ಟಿಗೆಯ ಮುಂದೆ ಕೂತು ಹೇಳಿದರು: “ಹೋರಿ ಬೀಜ ಒಡೆಯೋವಾಗ ನಾವು ಹೋರೀನ ಒಂದು ಮಾತು ಕೇಳ್ತೀವೇನೋ? ಕಾಲು ಕಟ್ಟಿ ಕೆಡವ್ತೀವಿ, ಮುಗೀತು. ಎದ್ದಾಗ ಅದು ಎತ್ತು.” ಅವರು ಪಡಸಾಲೆಗೆ ಹಾಸಿಗೆ ಹಾಕಿಕೊಂಡು ಆಗಲೇ ಬಹಳ ದಿನವಾಗಿತ್ತು.

ಆಸ್ಪತ್ರೆಯಲ್ಲಿ ಎರಡು ಚೀಲ ಕೊಟ್ಟಿದ್ದರು. ನಮ್ಮೂರ ಸೆಕೆಗೆ ರಬ್ಬರು ಆರು ತಿಂಗಳಿಗೇ ಬಿರಿಯಿತು. ಹೊಸದು ಬೇಕೆಂದರೆ ಬೆಂಗಳೂರಿಗೇ ಹೋಗಬೇಕು. ಆಗ ನನ್ನ ಕಸುಬು ಉಪಯೋಗಕ್ಕೆ ಬಂತು ನೋಡಿ. ಬಿರುಕಿಗೆ ಉಜ್ಜಿ, ಸಲ್ಯೂಷನ್ ಹಚ್ಚಿ, ಪ್ಯಾಚು ಹಾಕಿದೆ. ಸೊಂಟಕ್ಕೆ ಕಟ್ಟುವ ಪಟ್ಟಿ ಸಡಿಲವಾದಾಗ ಹಳೇ ಟ್ಯೂಬನ್ನು ಸೀಳಿ ಪಟ್ಟಿ ಮಾಡಿಕೊಟ್ಟೆ. ಮೈಗೆ ಒತ್ತಿ ಹಿಡಿಯಿತು.

“ಯಾವ ಗಾಲಿದೋ ಇದು? ಮುಂದಿಂದೋ ಹಿಂದಿಂದೋ?” ಅಂತ ಭಾವ ಕೇಳಿದರು.

“ಹಿಂದಿಂದೇ ಭಾವ. ನಿಮ್ದು ಹಿಂದಿಂದು ತಾನೇ ಕೆಟ್ಟಿರೋದು?”

“ಮುಂದಿಂದೂ ಪಂಕ್ಚರ್ ಕಣೋ” ಅಂದು ನಕ್ಕರು. ನಾನೂ ನಕ್ಕೆ. ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ತೊಳೆಯುತ್ತಿದ್ದವಳು ತೊಳೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ನಮ್ಮ ನಗು ಅಲ್ಲಿಗೇ ನಿಂತಿತು.

ಅಕ್ಕನ ಪಾಡು ಬೇರೆ. ಬೆಳಗ್ಗೆ ಊರು ಏಳುವ ಮೊದಲು ಬಟ್ಟೆ ಕುದಿಸುವುದು, ಬೂದಿ ಹಾಕಿ ಉಜ್ಜುವುದು, ಯಾರ ಕಣ್ಣಿಗೂ ಬೀಳದ ಹಾಗೆ ಹಿತ್ತಲಲ್ಲಿ ಒಣಗಿಸುವುದು. ಮೊದಮೊದಲು ಭಾವ ಅವಳನ್ನು ಹತ್ತಿರ ಬಿಡಲಿಲ್ಲ, ಬಾಗಿಲು ಹಾಕಿಕೊಂಡು ತಾವೇ ಮಾಡಿಕೊಂಡರು. ಜ್ವರ ಬಂದು ಮಲಗಿದ ಒಂದು ದಿನ ಅವಳು ಸುಮ್ಮನೆ ಬಂದು ಬಿಚ್ಚಿ, ತೊಳೆದು, ಕಟ್ಟಿದಳು. ಭಾವ ಗೋಡೆಯ ಕಡೆ ಮುಖ ಮಾಡಿಕೊಂಡೇ ಇದ್ದರು. ಇಂಥ ಮೈಯಲ್ಲಿ ಲಿಂಗ ಹಿಡಿದು ಪೂಜೆ ಹೇಗೆ ಮಾಡಲಿ ಅಂತ ಅವರು ಅದನ್ನೂ ಬಿಟ್ಟಿದ್ದರು. “ಲಿಂಗ ಕಟ್ಟಿದ ಮೈಗೆ ಸೂತಕ ಇಲ್ಲ ಅಂತ ಮಾವನೋರೇ ಹೇಳ್ತಿದ್ರಲ್ಲ, ಮರ್ತೋಯ್ತಾ?” ಅಂತ ಅಕ್ಕ ಗದರಿದ ಮೇಲೆ ಮತ್ತೆ ಶುರು ಮಾಡಿದರು. ಮದುವೆ ಮನೆಗೆ ಮಾತ್ರ ಹೋಗಲಿಲ್ಲ. ಪಂಕ್ತಿಯಲ್ಲಿ ಪಕ್ಕದವನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕಲ್ಲ. ಊರಿನವರು, ಬೆನಕಪ್ಪನಿಗೆ ಗರ್ವ ಬಂತು ಅಂದರು. ಹಾಗೆ ಅಂದುಕೊಳ್ಳಲಿ ಅಂತಲೇ ಅವರಿಗೂ ಇತ್ತು. ನಿಜ ಗೊತ್ತಿದ್ದದ್ದು ನಮ್ಮ ಮೂವರಿಗೆ. ಮಿಕ್ಕವರಿಗೆ ‘ಹೊಟ್ಟೆ ಆಪರೇಷನ್’ ಅಷ್ಟೆ.

ಎರಡು ವರ್ಷ ಹೀಗೆ ಮನೆಯಲ್ಲಿ ಕೂತ ಮನುಷ್ಯ ಎಂಬತ್ತೊಂದರಲ್ಲಿ ಒಂದು ದಿನ, “ಸಂತೆಗೆ ಹೋಗ್ತೀನಿ” ಅಂದರು.

ಅಕ್ಕ ಹೆದರಿದಳು. “ಯಾರಿಗಾದ್ರೂ ಗೊತ್ತಾದ್ರೆ?”

“ಹೆಂಗೆ ಗೊತ್ತಾಗುತ್ತೆ? ಇಲ್ಲಿ ಉಬ್ಬಿದ್ರೆ ಹಮ್ಮಿಣಿ ಅಂದ್ಕೋತಾರೆ.” ಹಮ್ಮಿಣಿ ಅಂದರೆ ದಲ್ಲಾಳಿಗಳು ಸೊಂಟಕ್ಕೆ ಸುತ್ತಿಕೊಳ್ಳುವ ಹಣದ ಚೀಲ. “ಇನ್ನು ವಾಸನೆ. ದನದ ಸಂತೆ ಕಣೇ ಅದು. ಸೆಗಣಿ, ಗಂಜಲ, ಬೀಡಿ, ಬೆವರು. ಅದರ ಮಧ್ಯೆ ನಂದ್ಯಾವ ಲೆಕ್ಕ?”

ಮೂವರಿಗೂ ಸರಿ ಅನ್ನಿಸಿತು. ದನದ ನಡುವೆ ಬದುಕಿದವರಿಗೆ ಹಾಗೇ ಅನ್ನಿಸುವುದು. ಹೊರಡುವ ದಿನ ಬೆಳಗ್ಗೆ ನಾನೂ ಅಲ್ಲಿದ್ದೆ. ಭಾವ ಮೀಸೆ ಕತ್ತರಿಸಿಕೊಂಡು, ಒಗೆದ ಜುಬ್ಬ ಹಾಕಿಕೊಂಡು, ಹೆಗಲಿಗೆ ಟವೆಲ್ಲು ಹಾಕಿ ನಿಂತರು.

“ನೋಡೇ, ಏನಾದ್ರೂ ಬತ್ತಿದ್ಯಾ?”

“ಏನೂ ಇಲ್ಲ ಕಣ್ರೀ” ಅಂದಳು ಅಕ್ಕ.

“ನಿಂಗೇನೋ ಷಣ್ಮುಖ?”

“ಏನೂ ಇಲ್ಲ ಭಾವ.”

ಬರುತ್ತಿತ್ತು. ಬಹಳವೇನಲ್ಲ, ಆದರೆ ಹತ್ತಿರ ಹೋದರೆ ಬರುತ್ತಿತ್ತು. ಎರಡು ವರ್ಷದ ಮೇಲೆ ಆ ಮುಖದಲ್ಲಿ ಗೆಲುವು ಕಂಡಿದ್ದೆ. ಅದನ್ನು ಹೇಗೆ ಕೆಡಿಸಲಿ?

ಮೊದಲನೆಯ ಸಂತೆಯಲ್ಲೇ ಮೂರು ಜೋಡಿ ಮಾರಿಸಿದರು. ಎರಡನೆಯದರಲ್ಲಿ ನಾಲ್ಕು. ನನ್ನ ಅಂಗಡಿಗೆ ಬಂದು, ಗಿರಾಕಿಗಳ ಎದುರಿಗೇ ಬೆಂಚಿನ ಮೇಲೆ ಕೂತು ಹೇಳಿದರು:

“ನನ್ ಕೈ ಮೊದಲಿಗಿಂತ ಚುರುಕಾಗೈತೆ ಕಣೋ. ಮೊದ್ಲು ಅರ್ಧ ಗಂಟೆ ಗುದ್ದಾಡ್ತಿದ್ದೆ. ಈಗ ಎರಡು ಸಲ ಬೆರಳು ಹಿಡಿಯೋದೇ ತಡ, ಒಪ್ಕೊಂಡ್ಬಿಡ್ತಾರೆ. ಎರಡು ವರ್ಷ ಸುಮ್ನೆ ಕೂತಿತ್ತಲ್ಲ, ಕೈಗೆ ಶಕ್ತಿ ಬಂದೈತೆ.” ಆಮೇಲೆ ದನಿ ತಗ್ಗಿಸಿ, “ಎಲ್ಲಾ ಹೋಯ್ತು ಅಂದ್ಕೊಂಡಿದ್ದೆ. ಗಂಡಸುತನ ಅನ್ನೋದು ಕೈಯಲ್ಲೂ ಇರುತ್ತೆ, ಗೊತ್ತಾ?” ಅಂದರು.

ಅವತ್ತು ಅವರು ಎರಡು ಲೋಟ ಟೀ ಕುಡಿದರು. ಆಪರೇಷನ್ ಆದ ಮೇಲೆ ಮನೆಯ ಹೊರಗೆ ಬಾಯಿಗೆ ಏನೂ ಹಾಕದಿದ್ದವರು. ಅಕ್ಕನಿಗೆ ಒಂದು ಸೀರೆ, ತಮಗೆ ಕೆಂಪಂಚಿನ ಹೊಸ ಟವೆಲ್ಲು ಕೊಂಡುಕೊಂಡು ಹೋದರು. ಹಾಸಿಗೆಯನ್ನೂ ಪಡಸಾಲೆಯಿಂದ ಒಳಗೆ ತಂದರು ಅಂತ ಅಕ್ಕ ಆಮೇಲೆ ಯಾವಾಗಲೋ ತಲೆ ತಗ್ಗಿಸಿಕೊಂಡು ಹೇಳಿದಳು. “ಸುಮ್ನೆ ಪಕ್ಕದಲ್ಲಿ ಮಲಗ್ತಾರೆ. ಸಂತೆ ಕತೆ ಹೇಳ್ತಾರೆ. ಅಷ್ಟು ಸಾಕಲ್ವೇನೋ?”

ಸಾಕಾಗಿತ್ತು. ನಾನು ಸುಮ್ಮನೆ ತರೀಕೆರೆಯಲ್ಲೇ ಇದ್ದಿದ್ದರೆ ನನಗಾದರೂ ನೆಮ್ಮದಿ ಇರುತ್ತಿತ್ತು. ಅಂಗಡಿಗೆ ಸಾಮಾನು ತರಲು ಕಡೂರಿಗೆ ಹೋದವನು ಭಾವನನ್ನು ನೋಡೋಣ ಅಂತ ಸಂತೆ ಮಾಳಕ್ಕೆ ನಡೆದೆ. ದೂರದಿಂದಲೇ ಕಂಡಿತು. ಭಾವ ಹೊಸ ಟವೆಲ್ಲು ಹೊದಿಸಿದ್ದಾರೆ. ಎದುರಿಗಿದ್ದ ರೈತ ಕೈ ಒಳಗಿಟ್ಟಿದ್ದಾನೆ, ಆದರೆ ಅವನ ಮುಖ ಪಕ್ಕಕ್ಕೆ ತಿರುಗಿದೆ, ಸೊಂಟ ಹಿಂದಕ್ಕೆ ಸರಿದಿದೆ, ಉಸಿರು ಕಟ್ಟಿ ಕತ್ತಿನ ನರ ಉಬ್ಬಿದೆ. ಎರಡು ನಿಮಿಷವೂ ಆಗಲಿಲ್ಲ. ಅವನು ಒಪ್ಪಿಗೆಗೆ ತಲೆ ಅಲ್ಲಾಡಿಸಿ ಕೈ ಎಳೆದುಕೊಂಡು ದೂರ ಹೋಗಿ ಉಸಿರುಬಿಟ್ಟ. ಭಾವ ಗೆದ್ದ ಪೈಲ್ವಾನನ ಹಾಗೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

ಅಂಜಿನಪ್ಪ ನನ್ನನ್ನು ಟೀ ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದ.

“ನೀನು ಮನೆಯೋನು. ನೀನೇ ಹೇಳಪ್ಪಾ ಅವರಿಗೆ. ನನ್ ಕೈಲಾಗಲ್ಲ.”

“ಏನ್ ಹೇಳ್ಲಿ?”

“ಏನಂತ ನಿಂಗೂ ಗೊತ್ತು. ದನದ ಸೆಗಣಿ ಬೇರೆ, ಮನುಷ್ಯಂದು ಬೇರೆ ಕಣಪ್ಪಾ. ದನದ್ದು ಯಾರಿಗೂ ಮೂಗಿಗೇ ಹತ್ತಲ್ಲ, ಮನುಷ್ಯಂದು ಸಾವಿರ ದನದ ಮಧ್ಯೆನೂ ಗೊತ್ತಾಗುತ್ತೆ. ಅದೇನು ಕಾಯಿಲೆಯೋ ನಾನು ಕೇಳಲ್ಲ. ಆದ್ರೆ ಮಾರೋ ಜನ ಇದಾರಲ್ಲ, ಅವರು ಹುಡುಕ್ಕೊಂಡು ಬರ್ತಾರೆ ಈಗ. ‘ಬೆನಕಪ್ಪನ ಟವೆಲ್ಲಿಗೆ ಕೊಡು, ಕೊಳ್ಳೋನು ಎರಡು ನಿಮಿಷ ನಿಲ್ಲಲ್ಲ, ಹೇಳಿದ್ ರೇಟಿಗೆ ಒಪ್ಕೊಂಡು ಓಡ್ತಾನೆ’ ಅಂತ. ನಗ್ತಾರೆ ಬೇವರ್ಸಿಗಳು. ಅಂಥಾ ಕೈ ಅದು...” ಅಂಜಿನಪ್ಪ ಬೀಡಿ ಹಚ್ಚಲು ಹೋಗಿ ಕಡ್ಡಿ ಮುರಿದ. “ನಾನು ಮಾತ್ರ ಕೊಳ್ಳೋರ ಪರವಾಗಿ ಬಂದಾಗ ಬೀಡಿ ಕಚ್ಕೊಂಡು, ಪೂರಾ ಹೊತ್ತು ನಿಂತ್ಕೋತೀನಿ. ನನ್ ಹತ್ರನಾದ್ರೂ ಸೋಲ್ಲಿ, ಗೆಲ್ಲಲಿ, ವ್ಯಾಪಾರ ಮಾಡ್ಲಿ.”

ನಾನು ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಮೂರು ತಿಂಗಳು ಕಳೆಯಿತು. ಹೊಸ ಚೀಲ ತಂದರೆ ಸರಿಹೋಗಬಹುದು ಅಂತ ಬೆಂಗಳೂರಿಗೆ ಹೋಗಿ ತಂದೆ. ಇದ್ದಿಲ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಒಳಗಿಟ್ಟು ನೋಡಿದೆ. ಕಡಿಮೆಯಾಯಿತು, ಹೋಗಲಿಲ್ಲ. ಸಂತೆಯ ದಿನ ಅಂಗಡಿ ಮುಚ್ಚಿ ಭಾವನ ಜೊತೆಗೇ ಹೋಗತೊಡಗಿದೆ. ಯಾರಾದರೂ ಬಾಯಿಬಿಟ್ಟು ಏನಾದರೂ ಅಂದಾರು ಎಂಬ ಭಯ. “ಏನೋ, ನೀನೂ ದಲ್ಲಾಳಿ ಆಗ್ತೀಯಾ?” ಅಂತ ಭಾವ ರೇಗಿಸುತ್ತಿದ್ದರು.

ಆ ದಿನ ಮೋಡ ಮುಚ್ಚಿತ್ತು. ರೇವಣಪ್ಪ ಅಂತ ಒಬ್ಬ ಒಂದು ಜೋಡಿ ತಂದಿದ್ದ. ನೋಡಲು ಚೆಂದ, ಆದರೆ ಎಡಗಡೆಯದಕ್ಕೆ ವಯಸ್ಸಾಗಿತ್ತು. ಕೊಳ್ಳಲು ಬಂದವರು ಸಖರಾಯಪಟ್ಟಣದ ಚನ್ನಬಸಪ್ಪ, ಎಪ್ಪತ್ತರ ಮುದುಕರು, ದೊಡ್ಡ ರುಮಾಲು. ಬಂದವರೇ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದರು, ಬಾಲ ಎಳೆದರು, ಗೊರಸು ತಟ್ಟಿದರು. ಆಮೇಲೆ ಭಾವನ ಟವೆಲ್ಲಿನ ಅಡಿಗೆ ಕೈ ಹಾಕಿ, ಎದೆಗೆ ಎದೆ ಕೊಟ್ಟು ನಿಂತೇಬಿಟ್ಟರು.

ಎರಡು ನಿಮಿಷವಾಯಿತು, ಐದಾಯಿತು. ಮುದುಕರು ಹೋಗಲಿಲ್ಲ.

“ಎತ್ತು ನಿಮ್ ಕಡೆ ಮಣ್ಣಿಗೆ ಹೇಳಿ ಮಾಡಿಸಿದಂಗವೆ ಯಜಮಾನ್ರೇ” ಅಂದರು ಭಾವ, ಮೇಲಿನ ಮಾತಿಗೆ.

“ಹೌದು ಹೌದು. ಎಡಗಡೇದಂತೂ ನನ್ ಜೊತೇಲೇ ಸ್ಕೂಲಿಗೆ ಹೋಗಿರಬೇಕು” ಅಂದರು ಮುದುಕರು.

ಸುತ್ತ ನಿಂತವರು ನಕ್ಕರು. ಭಾವನ ಮುಖ ನೋಡಬೇಕಿತ್ತು. ಹುಬ್ಬು ಏರಿತು, ಕಣ್ಣು ಸಣ್ಣಗಾಯಿತು. ಟವೆಲ್ಲು ಹಾವು ಹೊಕ್ಕ ಹಾಗೆ ಕುಣಿಯಿತು. ಮುದುಕರು ಅಂಗೈ ಕೆರೆದಿರಬೇಕು, ಭಾವ “ಅಯ್ಯೋ ಶಿವನೇ” ಅಂದರು. ಭಾವ ಗೆಣ್ಣು ಒತ್ತಿರಬೇಕು, ಮುದುಕರು “ಎಲಾ ಇವನ!” ಅಂದರು. ಕಾಲು ಗಂಟೆ. ಇಪ್ಪತ್ತು ನಿಮಿಷ. ಜನ ಸೇರಿದರು. ನಾನು ಆ ಮನುಷ್ಯನನ್ನು ಹಾಗೆ ನೋಡಿ ಎಷ್ಟು ವರ್ಷವಾಗಿತ್ತು! ಬೆವರುತ್ತಿದ್ದರು, ನಗುತ್ತಿದ್ದರು, ಕಾಯಿಲೆಗೆ ಮುಂಚಿನ ಬೆನಕಪ್ಪನವರೇ ಆಗಿದ್ದರು.

ರೇವಣಪ್ಪನಿಗೆ ಮಾತ್ರ ಸಹನೆ ಕೆಟ್ಟಿತ್ತು. ತನ್ನ ಪಕ್ಕದವನಿಗೆ, ಮೆಲ್ಲಗೆ ಅಂತ ತಾನು ಅಂದುಕೊಂಡಷ್ಟು ಮೆಲ್ಲಗೆ, ಹೇಳಿದ: “ಇದೇನ್ಲೇ ಇದು? ಈ ಮುದುಕನಿಗೆ ಮೂಗು ಸತ್ತೋಗೈತಾ? ಈ ನಾತದಲ್ಲಿ ಇನ್ನೂ ನಿಂತವ್ನಲ್ಲ. ಬೇರೆಯೋರಾಗಿದ್ರೆ ಇಷ್ಟೊತ್ತಿಗೆ ಒಪ್ಕೊಂಡು ಓಡಿರೋರು. ಅದಕ್ಕೇ ಅಲ್ವಾ ಇವರ ಹತ್ರ ತಂದಿದ್ದು ನಾನು.”

ಪಕ್ಕದವನು ಕಿಸಕ್ಕನೆ ನಕ್ಕ.

ಟವೆಲ್ಲು ನಿಂತುಹೋಯಿತು. ಭಾವ ರೇವಣಪ್ಪನ ಕಡೆ ನೋಡಲಿಲ್ಲ. ಅಂಜಿನಪ್ಪನನ್ನು ನೋಡಿದರು. ಅವನು ನೆಲ ನೋಡಿದ. ಆಮೇಲೆ ನನ್ನನ್ನು ನೋಡಿದರು. ನಾನೂ ನೆಲವನ್ನೇ ನೋಡಿದೆ.

“ಯಾಕಪ್ಪಾ, ಕೈ ತಣ್ಣಗಾಯ್ತು?” ಚನ್ನಬಸಪ್ಪನವರು ಕೇಳಿದರು.

“ಯಜಮಾನ್ರೇ, ನಿಮಗೆ ಏನೂ ವಾಸನೆ ಬತ್ತಿಲ್ವಾ?”

“ವಾಸನೆಯಾ? ನಲವತ್ತು ವರ್ಷದ ನಶ್ಯ ಕಣಯ್ಯ ಈ ಮೂಗಲ್ಲಿ. ಸೆಗಣಿಗೂ ಸಂಪಿಗೆಗೂ ಭೇದ ತಿಳಿಯಲ್ಲ. ಯಾಕೆ, ಎತ್ತಿಗೆ ಹುಣ್ಣೇನಾದ್ರೂ ಐತಾ?”

“ಎತ್ತಿಗಿಲ್ಲ” ಅಂದರು ಭಾವ.

ಅರ್ಧಕ್ಕೆ ಕೈ ಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ. ಟವೆಲ್ಲು ಮತ್ತೆ ಅಲುಗಾಡಿತು, ಇನ್ನೂ ಹತ್ತು ನಿಮಿಷ. ನಗುವಿಲ್ಲ, ಮಾತಿಲ್ಲ. ಕೊನೆಗೆ ಮುದುಕರು ತಲೆದೂಗಿದರು. “ನ್ಯಾಯವಾದ ಬೆಲೆ. ಒಳ್ಳೇ ಕೈ ಕಣಯ್ಯ ನಿಂದು” ಅಂದು ಭಾವನ ಭುಜ ತಟ್ಟಿ ಹಗ್ಗ ಹಿಡಿದರು. ರೇವಣಪ್ಪ ಮುಖ ಹುಳ್ಳಗೆ ಮಾಡಿಕೊಂಡ. ಅವನು ಕೊಟ್ಟ ದಲ್ಲಾಳಿ ದುಡ್ಡನ್ನು ಭಾವ ಮುಟ್ಟಲಿಲ್ಲ.

ಅಜ್ಜಂಪುರದ ಬಸ್ಸು ಬೀರೂರು ದಾಟಿದ ಮೇಲೆ ಭಾವ ನನ್ನ ಕಡೆ ತಿರುಗಿದರು.

“ನಿಂಗೆ ಗೊತ್ತಿತ್ತು.”

“ಗೊತ್ತಿತ್ತು ಭಾವ.”

“ಯಾವಾಗಿಂದ?”

“ಜನ ಆಡ್ಕೊಳೋದು ಮೂರು ತಿಂಗಳಿಂದ.” ಸುಳ್ಳು ಸಾಕಾಗಿತ್ತು. “ವಾಸನೆ ಮೊದಲನೇ ದಿನದಿಂದ.”

“ನಿಮ್ಮಕ್ಕನೂ ಇಲ್ಲ ಅಂದ್ಲು. ಅವಳದ್ದು ಸುಳ್ಳಲ್ಲ. ದಿನಾ ತೊಳೆದು ತೊಳೆದು ಅವಳ ಮೂಗೇ ಹೋಗೈತೆ, ಪಾಪ. ನಿನ್ ಮೂಗಿಗೇನಾಗಿತ್ತೋ?”

ನಿಮ್ಮ ಖುಷಿ ಕೆಡಿಸಬಾರದು ಅಂತ ಸುಮ್ಮನಿದ್ದೆ ಅಂದೆ.

“ಖುಷಿ” ಅಂದರು. “ಜನ ಮೂಗು ಹಿಡ್ಕೊಂಡು ಓಡ್ತಿದ್ರೆ ನಾನು ಗೆದ್ದೆ ಅಂತ ಮೀಸೆ ತಿರುವ್ತಿದ್ದೆ. ಮನೇಗ್ ಬಂದು ಹೆಂಡ್ತಿ ಹತ್ರ ಕೊಚ್ಕೊತಿದ್ದೆ. ಡಾಕ್ಟ್ರು ಕೊಯ್ದಾಗ ಒಂದು ಮಾತಾದ್ರೂ ಹೇಳಿ ಕೊಯ್ದ್ರು. ನೀವೆಲ್ಲಾ ಹೇಳ್ದೇನೇ ಕೊಯ್ದ್ರಲ್ಲೋ.”

ಸ್ವಲ್ಪ ದೂರ ಹೋದ ಮೇಲೆ, ಬೇರೆಯವರ ಎತ್ತಿನ ವಿಷಯ ವಿಚಾರಿಸುವ ದನಿಯಲ್ಲಿ ಕೇಳಿದರು: “ಎಷ್ಟು ದೂರಕ್ಕೆ ಬರುತ್ತೆ?”

“ಭಾವ...”

“ಹೇಳು. ಈಗ್ಲಾದ್ರೂ.”

“ಒಂದು ಮಾರು. ಗಾಳಿ ಇದ್ರೆ ಎರಡು.”

ಅವರು ತಲೆಯಾಡಿಸಿದರು. ಎರಡೂ ತೋಳು ಚಾಚಿದರೆ ಎಷ್ಟೋ ಅಷ್ಟು ಒಂದು ಮಾರು. ಬಸ್ಸಿನ ಸೀಟಿನಲ್ಲಿ ನಾವಿಬ್ಬರೂ ತೋಳಿಗೆ ತೋಳು ತಾಗಿಸಿ ಕೂತಿದ್ದೆವು.

ಮುಂದಿನ ಸಂತೆಗೆ ಅವರು ಹೋಗುವುದಿಲ್ಲ ಅಂತ ಅಕ್ಕನಿಗೆ ಹೇಳಿದ್ದೆ. ಹೋದರು. ನಾನು ತರೀಕೆರೆಯಿಂದ ಕಡೂರು ಸೇರುವ ಹೊತ್ತಿಗೆ ಸಂತೆ ನೆರೆದಿತ್ತು. ಭಾವ ಮಾಳದ ಅಂಚಿನಲ್ಲಿ, ಜಾಲಿ ಮರದ ಹತ್ತಿರ, ಎಲ್ಲರಿಂದ ಎರಡು ಮಾರು ಬಿಟ್ಟು ನಿಂತಿದ್ದರು. ನಾನು ಬರುವ ಮೊದಲು ಅವರು ಮಾಡಿದ್ದನ್ನು ನನಗೆ ಆಮೇಲೆ ಅಂಜಿನಪ್ಪ ಹೇಳಿದ. ಬಂದವರೇ ಎಲ್ಲರಿಗೂ ಕೇಳುವ ಹಾಗೆ ಕೂಗಿದರಂತೆ: “ನೋಡ್ರಪ್ಪಾ, ನಂಗೆ ಕ್ಯಾನ್ಸರ್ ಆಗಿತ್ತು. ಹೊಟ್ಟೇಲಿ ದಾರಿ ಮಾಡವ್ರೆ, ಚೀಲ ಕಟ್ಟಿದೀನಿ. ಇದು ಹಮ್ಮಿಣಿ ಅಲ್ಲ. ವಾಸನೆ ಬರುತ್ತೆ, ನಂಗೂ ಈಗ ಗೊತ್ತಾಯ್ತು. ಅದಕ್ಕೇ ಟವೆಲ್ ಹಾಕಲ್ಲ. ಇಲ್ಲಿಂದ್ಲೇ ಬಾಯಲ್ಲಿ ಬೆಲೆ ಹೇಳ್ತೀನಿ. ಎತ್ತು ನೋಡೋ ಕಣ್ಣು ಹೋಗಿಲ್ಲ, ನ್ಯಾಯ ಹೋಗಿಲ್ಲ. ಬೇಕಾದೋರು ಬನ್ನಿ.”

ಯಾರೂ ನಗಲಿಲ್ಲವಂತೆ. ಇಷ್ಟು ದಿನ ನಕ್ಕವರಿಗೂ ಅವತ್ತು ನಗು ಬರಲಿಲ್ಲ. ಆದರೆ ಯಾರೂ ಅವರ ಹತ್ತಿರ ಹೋಗಲೂ ಇಲ್ಲ. ಹೋಗುವುದಾದರೂ ಹೇಗೆ? ತನ್ನ ಎತ್ತಿನ ಬೆಲೆ ಇಡೀ ಸಂತೆಗೆ ಕೇಳಲಿ ಅಂತ ಯಾವ ರೈತ ಬಯಸುತ್ತಾನೆ? ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಜೋಡಿಗಳು ಬಂದವು, ಹೋದವು. ಎಲ್ಲ ಕಡೆ ಟವೆಲ್ಲುಗಳು ಅಲುಗಾಡುತ್ತಿದ್ದವು. ಭಾವನಿಗೆ ನಮಸ್ಕಾರ ಮಾಡಿ, ದೂರದಿಂದಲೇ “ಹುಷಾರಾ ಬೆನಕಪ್ಪೋರೇ” ಅಂದು ಮುಂದೆ ಹೋಗುತ್ತಿದ್ದರು. ಮೊದಲಿಗಿಂತ ಜಾಸ್ತಿ ಮರ್ಯಾದೆ. ರೋಗಿಗೆ ಕೊಡುವ ಮರ್ಯಾದೆ.

ಅಂಜಿನಪ್ಪನಿಗೆ ತಡೆಯಲಾಗಲಿಲ್ಲ. ಒಂದು ಜೋಡಿಯನ್ನು ಹಿಡಿದುಕೊಂಡು ನೆಟ್ಟಗೆ ಅವರ ಹತ್ತಿರ ಹೋದ. ಬಾಯಲ್ಲಿ ಬೀಡಿ ಇರಲಿಲ್ಲ.

“ಹಾಕು ಬೆನಕಪ್ಪಣ್ಣ ಟವೆಲ್ಲು. ನಾನ್ ನಿಂತ್ಕೋತೀನಿ.”

“ಅಲ್ಲೇ ನಿಂತ್ಕೊಂಡು ಹೇಳು, ಎಷ್ಟಕ್ಕೆ ಕೊಡ್ತೀಯ?”

“ಹಿಂಗೆಲ್ಲಾ ಕೂಗಾಡಿ ಎತ್ತು ಮಾರ್ತಾರೇನಣ್ಣ? ಬಾ ಇಲ್ಲಿ, ಕೈ ಕೊಡು.”

“ನಿನ್ ಕೈ ಒಳ್ಳೇದು ಕಣೋ ಅಂಜಿನಪ್ಪ. ಆದ್ರೆ ಇನ್ಮೇಲೆ ನೀನು ಸೋತ್ರೆ, ಬೇಕಂತ ಸೋತ್ಯಾ, ಉಸಿರು ಕಟ್ಟಿ ಸೋತ್ಯಾ ಅಂತ ನಾನು ಯೋಚನೆ ಮಾಡ್ತಾ ಕೂರಬೇಕು. ನೀನು ಗೆದ್ರೂ ಅಷ್ಟೇ. ಹೋಗು, ಬಿಸಿಲೇರುತ್ತೆ, ಎತ್ತಿಗೆ ನೀರು ಕುಡಿಸು.”

ಅಂಜಿನಪ್ಪ ಹಗ್ಗ ಹಿಡಿದು ಬಹಳ ಹೊತ್ತು ನಿಂತಿದ್ದ. ಆಮೇಲೆ ಎತ್ತುಗಳನ್ನು ತಿರುಗಿಸಿಕೊಂಡು ಹೋದ.

ಮಧ್ಯಾಹ್ನ ಕಳೆಯುವ ಮೊದಲೇ ಭಾವ ಹೊರಟರು. ನಾನು ಹಿಂದೆ ಹೊರಟೆ. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ನಾನು ಹೆಜ್ಜೆ ಜೋರು ಮಾಡಿದರೆ ಅವರೂ ಜೋರು ಮಾಡುತ್ತಿದ್ದರು, ನಾನು ನಿಧಾನಿಸಿದರೆ ಅವರೂ ನಿಧಾನ. ತಿರುಗಿ ನೋಡದೆಯೇ ನನ್ನನ್ನು ಅಳತೆಯಲ್ಲಿ ಇಟ್ಟಿದ್ದರು.

ಅಜ್ಜಂಪುರದ ಬಸ್ಸು ಬಂತು. ಹಿಂದಿನ ಸೀಟು ಖಾಲಿಯಿತ್ತು. ಅವರು ಕಿಟಕಿಯ ಪಕ್ಕ ಕೂತರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರು ಎದ್ದು, ನನ್ನ ಮೊಣಕಾಲು ದಾಟಿಕೊಂಡು, ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತರು. ಕಂಡಕ್ಟರು, “ಸೀಟಿದೆಯಲ್ಲ ಯಜಮಾನ್ರೇ, ಕೂತ್ಕೊಳಿ” ಅಂದ. “ಇರ್ಲಿ ಬಿಡಪ್ಪಾ, ಇಲ್ಲಿ ಗಾಳಿ ಬರುತ್ತೆ” ಅಂದರು. ಬೀರೂರಿನಲ್ಲಿ ಜನ ಇಳಿದು ಬಸ್ಸು ಅರ್ಧ ಖಾಲಿಯಾಯಿತು. ಅವರು ಕೂರಲಿಲ್ಲ. ಅಜ್ಜಂಪುರ ಬರುವವರೆಗೂ ನಿಂತೇ ಬಂದರು.